ಕಾಕರ್ ಸ್ಪೇನಿಯಲ್ ತರೋದಾ, ಕ್ಯಾವಲಿಯರ್ ತರೋದಾ? ಮನೆಗೆ ಇದೇ ಮೊದಲ ನಾಯಿ

ಮೈಸೂರು_ಮನೆಯವಳು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾವಿರೋದು ಮೈಸೂರು ಕುವೆಂಪುನಗರದಲ್ಲಿ, ಮೊದಲನೇ ಮಹಡಿ, ಬಾಡಿಗೆ ಮನೆ. ಕೆಳಗೆ ಓನರ್ ಇದಾರೆ, ನಾಯಿ ಸಾಕೋಕೆ ಒಪ್ಪಿದಾರೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಅತ್ತೆ ನಮ್ಮ ಜೊತೆನೇ ಇರ್ತಾರೆ, ಅರವತ್ತೆಂಟು, ಒಂದು ಮಂಡಿ ಆಪರೇಷನ್ ಆಗಿದೆ. ಯಜಮಾನ್ರು ಸೋಮವಾರ ಬೆಂಗಳೂರಿಗೆ ಹೋದ್ರೆ ಶುಕ್ರವಾರ ರಾತ್ರಿ ವಾಪಸ್. ನಾನು ಟೀಚರ್, ನಾಲ್ಕು ಗಂಟೆಗೆ ಮನೇಲಿರ್ತೀನಿ.

ಮಗಳು ಎರಡು ವರ್ಷದಿಂದ ನಾಯಿ ನಾಯಿ ಅಂತ ಹಠ ಮಾಡ್ತಿದಾಳೆ. ಈ ಸಲ ಬೇಸಿಗೆ ರಜೆಗೆ ತರೋಣ ಅಂತ ನಾವೂ ಮನಸ್ಸು ಮಾಡಿದೀವಿ. ಅವಳ ಫ್ರೆಂಡ್ ಮನೇಲಿ ಇಂಗ್ಲಿಷ್ ಕಾಕರ್ ಸ್ಪೇನಿಯಲ್ ಇದೆ, ಹೊಂಬಣ್ಣದ್ದು, ಎಷ್ಟು ಚೂಟಿ ಅಂದ್ರೆ ಹೋದ ತಕ್ಷಣ ಮೈಮೇಲೆ ಹತ್ತುತ್ತೆ. ಬೆಂಗಳೂರಲ್ಲಿ ನಮ್ಮ ನಾದಿನಿ ಫ್ಲ್ಯಾಟ್ ಪಕ್ಕ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್ ನೋಡಿದ್ವಿ, ಅದು ಮಗನ ತೊಡೆ ಮೇಲೆ ಮುಕ್ಕಾಲು ಗಂಟೆ ಹಾಗೇ ಮಲಗಿತ್ತು, ಅವನೂ ಅಲ್ಲಾಡ್ಲಿಲ್ಲ! ಅವತ್ತಿಂದ ನನ್ನ ಮನಸ್ಸು ಕ್ಯಾವಲಿಯರ್ ಕಡೆಗೇ ಇದೆ. ಯಜಮಾನ್ರಿಗೆ ಕಾಕರ್ ಇಷ್ಟ. ಎರಡೂ ಸ್ಪೇನಿಯಲ್ಲೇ ಅಲ್ವಾ, ಅಷ್ಟೊಂದು ವ್ಯತ್ಯಾಸ ಇರುತ್ತಾ? ಸಾಕಿರೋರು ಹೇಳಿ.

ಸಾಗರ_ತೋಟದಮನೆ

ವ್ಯತ್ಯಾಸ ಇದೆ ಮೇಡಂ, ತುಂಬಾ ಇದೆ. ನಮ್ಮನೇಲಿ ಏಳು ವರ್ಷದಿಂದ ಕಾಕರ್ ಇದೆ, ಚಿನ್ನು ಅಂತ. ಕಾಕರ್ ಅನ್ನೋ ಹೆಸರೇ ಬಂದಿದ್ದು ವುಡ್‌ಕಾಕ್ ಅನ್ನೋ ಹಕ್ಕಿಯಿಂದ, ಪೊದೆ ಒಳಗೆ ನುಗ್ಗಿ ಅದನ್ನ ಹಾರಿಸೋಕೆ ಅಂತ ಇಂಗ್ಲೆಂಡಲ್ಲಿ ಬೆಳೆಸಿದ ತಳಿ ಇದು. ಆ ಕೆಲಸ ಇವತ್ತಿಗೂ ಅದರ ರಕ್ತದಲ್ಲಿದೆ. ನಮ್ಮ ತೋಟದಲ್ಲಿ ಕೆಂಬೂತ ಕೂತಿದ್ರೆ ಸಾಕು, ಮೂಗು ನೆಲಕ್ಕಿಟ್ಟು ಬಾಲ ಅಲ್ಲಾಡಿಸ್ತಾ ಹೊರಟ್ರೆ ಹೆಸರು ಹಿಡಿದು ಹತ್ತು ಸಲ ಕೂಗಿದ್ರೂ ಕಿವಿಗೆ ಬೀಳಲ್ಲ. ಮೂಗು ಕೆಲಸ ಮಾಡೋವಾಗ ಕಿವಿ ಬಂದ್ ಅಂತ ನಮ್ಮ ತಂದೆಯವರು ಹೇಳ್ತಿದ್ರು.

ನಮಗೆ ತೋಟ ಇದೆ, ಓಡಾಡ್ಕೊಂಡಿರುತ್ತೆ. ನಿಮ್ಮದು ಮಹಡಿ ಮನೆ. ದಿನಕ್ಕೆ ಕಡಿಮೆ ಅಂದ್ರೂ ಒಂದು ಗಂಟೆ ಸರಿಯಾಗಿ ನಡೆಸ್ಬೇಕು, ಬರೀ ಗೇಟ್ ತನಕ ಹೋಗಿ ಉಚ್ಚೆ ಮಾಡಿಸ್ಕೊಂಡು ಬಂದ್ರೆ ಆಗಲ್ಲ. ಇಲ್ದಿದ್ರೆ ಸೋಫಾ, ಚಪ್ಪಲಿ, ಕರ್ಟನ್ ಯಾವುದೂ ಉಳಿಯಲ್ಲ.

ಇನ್ನೊಂದು, ಉಣುಗು. ನೀವು ಮೈಸೂರ್ ಕಡೆ ಉಣ್ಣೆ ಅಂತೀರಲ್ಲ, ಮೈಗೆ ಕಚ್ಕೊಂಡು ರಕ್ತ ಹೀರೋದು, ಅದೇ. ನಮ್ಮ ಕಡೆ ಉಣುಗು ಅಂದ ಕೂಡಲೇ ಜನಕ್ಕೆ ಮಂಗನ ಕಾಯಿಲೆ ನೆನಪಾಗುತ್ತೆ, 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ್ದಲ್ವಾ. ಆದ್ರೆ ನಾಯಿಗೆ ಬರೋ ಉಣುಗಿನ ಜ್ವರ ಬೇರೆ. ಚಿನ್ನುಗೆ ಮೂರನೇ ವರ್ಷ ಬಂತು. ಎರಡು ದಿನ ಊಟ ಬಿಟ್ಟಿದ್ದಳು, ನಾವು ಹೊಟ್ಟೆ ಕೆಟ್ಟಿದೆ ಅಂದ್ಕೊಂಡ್ವಿ, ಮೂರನೇ ದಿನ ಮೂಗಲ್ಲಿ ರಕ್ತ. ಬ್ಲಡ್ ಟೆಸ್ಟ್ ಮಾಡಿದ್ರೆ ಪ್ಲೇಟ್‌ಲೆಟ್ ಪೂರ್ತಿ ಬಿದ್ದೋಗಿತ್ತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟು ಉಳಿಸ್ಕೊಂಡ್ವಿ. ಕೂದಲು ಉದ್ದ ಇರೋ ನಾಯಿ ಮೈಯಲ್ಲಿ ಉಣುಗು ಕಣ್ಣಿಗೆ ಕಾಣಲ್ಲ, ಬೆರಳು ಹಾಕಿ ಹುಡುಕ್ಬೇಕು. ಕಿವಿ ಒಳಗೆ, ಕಾಲ್ಬೆರಳ ಸಂದಿ, ಕಂಕುಳ ಸಂದಿ. ದಿನಾ.

ರೆಡಿಂಗ್_ಕನ್ನಡತಿ

ನಾನು ಇಂಗ್ಲೆಂಡಲ್ಲಿರೋದು, ಹುಟ್ಟಿದ್ದು ಬೆಳೆದಿದ್ದು ಮಂಡ್ಯ. ಹನ್ನೊಂದು ವರ್ಷ ಒಂದು ಕ್ಯಾವಲಿಯರ್ ಜೊತೆ ಬದುಕಿದೀನಿ, ಅದಕ್ಕೇ ಇದನ್ನ ಬರೀಲೇಬೇಕು ಅನ್ನಿಸ್ತು.

ಸ್ವಭಾವದ ವಿಷಯದಲ್ಲಿ ನೀವು ನೋಡಿದ್ದು ನೂರಕ್ಕೆ ನೂರು ನಿಜ. ಅಷ್ಟು ಮೃದು ಪ್ರಾಣಿ ನಾನು ಇನ್ನೊಂದು ನೋಡಿಲ್ಲ. ನಮ್ಮ ಹುಡುಗಿ, ಪುಟ್ಟಿ ಅಂತ ಕರೀತಿದ್ವಿ, ಒಂದೇ ಒಂದು ಸಲಾನೂ ಯಾರ ಮೇಲೂ ಗುರ್ ಅಂದಿಲ್ಲ. ಕ್ಯಾವಲಿಯರ್ ಅಂದ್ರೆ ಹುಟ್ಟಿನಿಂದಲೇ ತೊಡೆ ನಾಯಿ. 1926ರಲ್ಲಿ ಅಮೆರಿಕದ ಒಬ್ಬರು ಇಲ್ಲಿನ ಕ್ರಫ್ಟ್ಸ್ ನಾಯಿ ಪ್ರದರ್ಶನಕ್ಕೆ ಬಂದು, ಎರಡನೇ ಚಾರ್ಲ್ಸ್ ರಾಜನ ಕಾಲದ ಚಿತ್ರಗಳಲ್ಲಿರೋ ಹಾಗೆ ಮೂತಿ ಉದ್ದ ಇರೋ ಪುಟ್ಟ ಸ್ಪೇನಿಯಲ್ ತಂದೋರಿಗೆ 25 ಪೌಂಡ್ ಬಹುಮಾನ ಅಂತ ಘೋಷಿಸಿದ್ರು, ಅಲ್ಲಿಂದ ಈ ತಳಿ ಮತ್ತೆ ಶುರುವಾಯ್ತು, 1945ರಲ್ಲಿ ನಾಯಿ ತಳಿಗಳನ್ನ ನೋಂದಾಯಿಸೋ ಇಲ್ಲಿನ ಕೆನಲ್ ಕ್ಲಬ್ ಬೇರೆ ತಳಿ ಅಂತ ಒಪ್ಕೊಳ್ತು. ಕೆಲವೇ ನಾಯಿಗಳಿಂದ ಬೆಳೆಸಿದ್ದು. ಆ ಕೆಲವೇ ನಾಯಿಗಳ ದೋಷ ಎಲ್ಲಾ ಮರಿಗಳಿಗೂ ಹಂಚಿಹೋಯ್ತು.

ಹೃದಯ. ಕ್ಯಾವಲಿಯರ್‌ಗಳಲ್ಲಿ ಮೈಟ್ರಲ್ ವಾಲ್ವ್ ಕಾಯಿಲೆ, ಅಂದ್ರೆ ಹೃದಯದ ಒಂದು ಕವಾಟ ಕೆಡೋದು, ಎಷ್ಟು ಸಾಮಾನ್ಯ ಅಂದ್ರೆ ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ನಾಯಿಗಳಿಗೆ ಹೃದಯದಲ್ಲಿ ಮರ್ಮರ್ ಅನ್ನೋ ಅಸಹಜ ಶಬ್ದ ಬಂದಿರುತ್ತೆ, ಹತ್ತಕ್ಕೆ ಬಂದ್ರೆ ಹೆಚ್ಚುಕಮ್ಮಿ ಎಲ್ಲಕ್ಕೂ. ಪುಟ್ಟಿಗೆ ಆರನೇ ವರ್ಷ ವ್ಯಾಕ್ಸಿನ್‌ಗೆ ಹೋದಾಗ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ಸುಮ್ಮನಾದ್ರು, ಆ ಮೌನ ಇನ್ನೂ ನೆನಪಿದೆ. ಆಮೇಲೆ ಎಕೋ ಅಂದ್ರೆ ಹೃದಯದ ಸ್ಕ್ಯಾನ್, ಪಿಮೊಬೆಂಡಾನ್ ಅನ್ನೋ ಹೃದಯದ ಮಾತ್ರೆ ದಿನಕ್ಕೆರಡು ಹೊತ್ತು, ಕೊನೇ ವರ್ಷ ಮೈಯಲ್ಲಿ ತುಂಬೋ ನೀರು ಇಳಿಸೋ ಮಾತ್ರೆ. ರಾತ್ರಿ ಅವಳು ಮಲಗಿದ ಮೇಲೆ ಫೋನಲ್ಲಿ ಟೈಮ್ ಇಟ್ಕೊಂಡು ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸ್ತಿದ್ದೆ, ಮೂವತ್ತು ದಾಟಿದ್ರೆ ಆಸ್ಪತ್ರೆಗೆ ಫೋನ್. ಐದು ವರ್ಷ ಹೀಗೆ ಎಣಿಸಿದೀನಿ.

ನಾರ್ವೆಯಲ್ಲಿ ಇದು ಕೋರ್ಟಿಗೇ ಹೋಯ್ತು. 2022ರಲ್ಲಿ ಓಸ್ಲೋ ಕೋರ್ಟು, ಮತ್ತೆ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಈಗಿರೋ ರೀತಿ ಕ್ಯಾವಲಿಯರ್ ಮರಿ ಮಾಡಿಸೋದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂತ ಹೇಳಿದ್ವು. ನಾಯಿ ಸಾಕಬೇಡಿ ಅಂತಲ್ಲ, ಆ ತಳಿ ಒಳಗೊಳಗೇ ಮರಿ ಮಾಡಿಸೋದು ತಪ್ಪು ಅಂತ.

ನಿಮ್ಮ ಮಗನಿಗೆ ಐದು ವರ್ಷ. ಲೆಕ್ಕ ಹಾಕಿ ನೋಡಿ.

ಧಾರವಾಡ_ಹಿರಿಯ

ನೋಡ್ರಿ ತಂಗಿ, ನಾಯಿ ಬಗ್ಗೆ ಆಮ್ಯಾಲ ಮಾತಾಡೂಣು. ಮೊದಲ ಒಂದ ಪ್ರಶ್ನೆ. ಮುಂಜಾನಿ ಎಂಟಕ್ಕ ನೀವು ಸಾಲಿಗೆ ಹೋದ್ರಿ, ಮಕ್ಕಳೂ ಹೋದ್ವು, ಯಜಮಾನ್ರು ಬೆಂಗಳೂರಾಗ. ನಾಲ್ಕರ ತನಕ ನಾಯಿ ಜೋಡಿ ಇರಾವರು ಯಾರ್ರಿ? ನಿಮ್ಮ ಅತ್ತಿಯವರು. ಇಷ್ಟುದ್ದ ಬರದೀರಿ, ಮಗಳಿಗೆ ಬೇಕು, ನಿಮಗ ಇದು ಇಷ್ಟ, ಯಜಮಾನ್ರಿಗೆ ಅದು ಇಷ್ಟ ಅಂತ. ಅತ್ತಿಯವರಿಗೆ ಯಾವುದು ಇಷ್ಟ ಅಂತ ಒಂದ ಸಾಲೂ ಇಲ್ಲ. ಅವರನ್ನ ಕೇಳಿರೇನು?

ತಪ್ಪ ತಿಳ್ಕೋಬ್ಯಾಡ್ರಿ. ನಮ್ಮ ಮನ್ಯಾಗೂ ಮಗ ಸೊಸಿ ನಾಯಿ ತಂದ್ರು, ಇಬ್ರೂ ನೌಕರಿಗೆ ಹೋಗ್ತಾರ, ಉಚ್ಚಿ ಒರಸೂದು, ಅನ್ನ ಹಾಕೂದು, ಗುಡುಗು ಬಂದ್ರ ತೊಡಿ ಮ್ಯಾಲ ಕುಂದ್ರಿಸ್ಕೊಳ್ಳೂದು ಎಲ್ಲಾ ನಾನು. ಈಗ ಅದು ನನ್ನ ಬಿಟ್ಟು ಇರೂದಿಲ್ಲ, ನಾನೂ ಅದನ್ನ ಬಿಟ್ಟು ಇರೂದಿಲ್ಲ, ಆ ಮಾತು ಬ್ಯಾರೆ. ಆದ್ರ ತರೂಕಿಂತ ಮೊದಲ ಒಂದ ಮಾತು ಕೇಳಿದ್ರ ಛಲೋ ಇತ್ತು ಅಂತ ಇವತ್ತಿಗೂ ಅನಸ್ತದ.

ಪಶುವೈದ್ಯ_ಹಾಸನ

ಧಾರವಾಡದ ಹಿರಿಯರು ಕೇಳಿದ ಪ್ರಶ್ನೆನೇ ನಾನೂ ಮೊದಲು ಕೇಳೋದು. ವೈದ್ಯಕೀಯವಾಗಿ ನನಗೆ ಗೊತ್ತಿರೋದನ್ನ ಹೇಳ್ತೀನಿ.

ಕ್ಯಾವಲಿಯರ್ ತೂಕ ಐದೂವರೆಯಿಂದ ಎಂಟು ಕೇಜಿ. ಇಂಗ್ಲಿಷ್ ಕಾಕರ್ ಹದಿಮೂರರಿಂದ ಹದಿನಾಲ್ಕೂವರೆ, ನಮ್ಮ ಮನೆಗಳಲ್ಲಿ ಅನ್ನ ಹಾಲು ಬಿಸ್ಕತ್ತು ಅಂತ ಹಾಕಿ ಹದಿನೆಂಟಕ್ಕೆ ಏರಿಸಿರ್ತಾರೆ. ಮಂಡಿ ಆಪರೇಷನ್ ಆಗಿರೋರು ಮೆಟ್ಟಿಲ ಮೇಲೆ ಬೆಲ್ಟ್ ಹಿಡ್ಕೊಂಡಿದ್ದಾಗ ಹದಿನಾಲ್ಕು ಕೇಜಿ ನಾಯಿ ಒಂದು ಬೆಕ್ಕು ನೋಡಿ ಎಳೆದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಮೆಟ್ಟಿಲ ಕೆಲಸ ಯಾವ ತಳಿ ತಂದ್ರೂ ಅತ್ತೆಯವರಿಗೆ ಬೇಡ.

ಕಾಕರ್‌ನ ದೊಡ್ಡ ತಲೆನೋವು ಕಿವಿ. ನಾಯಿ ಕಿವಿಯ ನಾಳ ನಮ್ಮ ಹಾಗೆ ನೇರ ಇಲ್ಲ, ಕೆಳಗಿಳಿದು ಒಳಕ್ಕೆ ತಿರುಗುತ್ತೆ. ಕಾಕರ್‌ಗೆ ಅದರ ಮೇಲೆ ಉದ್ದ ಕಿವಿ ಮುಚ್ಕೊಂಡಿರುತ್ತೆ, ಒಳಗೂ ಕೂದಲು, ಮೇಣ ಬೇರೆ ಜಾಸ್ತಿ. ಗಾಳಿ ಆಡಲ್ಲ, ತೇವ ನಿಲ್ಲುತ್ತೆ, ಯೀಸ್ಟ್ ಮತ್ತೆ ಬ್ಯಾಕ್ಟೀರಿಯಾ ಬೆಳೆಯುತ್ತೆ. ಸ್ನಾನ ಮಾಡಿಸಿ ಕಿವಿ ಒಣಗಿಸದೇ ಬಿಡೋರ ಕಾಕರ್‌ಗಳು ನನ್ನ ಹತ್ರ ವರ್ಷಕ್ಕೆ ನಾಲ್ಕು ಐದು ಸಲ ಬರ್ತವೆ. ಬಟ್ಟೆಗೆ ಅಂಟೋ ಹುಲ್ಲಿನ ಮುಳ್ಳು ಕಿವಿ ಒಳಗೆ ಹೋಗೋದು ಇನ್ನೊಂದು, ಒಳಗೆ ಹೋದ್ರೆ ಅದು ತಾನಾಗಿ ಹಿಂದೆ ಬರಲ್ಲ. ಇವೆಲ್ಲಾ ಕಿರಿಕಿರಿ, ಆದ್ರೆ ನಿಮ್ಮ ಕೈಯಲ್ಲಿರೋ ಕಿರಿಕಿರಿ. ದಿನಾ ಹತ್ತು ನಿಮಿಷ ಕೊಟ್ರೆ ತಡೀಬಹುದು. ಕ್ಯಾವಲಿಯರ್‌ನ ಹೃದಯ ನಿಮ್ಮ ಕೈಯಲ್ಲಿಲ್ಲ. ನನ್ನ ಪ್ರಕಾರ ವ್ಯತ್ಯಾಸ ಇಷ್ಟೇ, ಆದ್ರೆ ಇದು ಸಣ್ಣದಲ್ಲ. ಕ್ಯಾವಲಿಯರ್‌ಗೆ ಕತ್ತಿನ ನರದ ಸಮಸ್ಯೆನೂ ಇದೆ, ತಲೆಬುರುಡೆ ಹಿಂಭಾಗ ಇಕ್ಕಟ್ಟಾಗಿ ಬೆನ್ನುಹುರಿಯಲ್ಲಿ ನೀರು ತುಂಬೋದು, ಸಿರಿಂಗೋಮೈಲಿಯಾ ಅಂತಾರೆ. ಕಾಲು ಮೈಗೆ ತಾಗದೇ ಗಾಳಿಯಲ್ಲೇ ಕತ್ತು ಕೆರ್ಕೊಳ್ಳೋ ಹಾಗೆ ಮಾಡ್ತಿದ್ರೆ ಅನುಮಾನ ಪಡ್ಬೇಕು. ಖಚಿತ ಮಾಡೋಕೆ ಎಮ್‌ಆರ್‌ಐ ಬೇಕು.

ಮರಿ ತರೋದೇ ಆದ್ರೆ ಅಪ್ಪ ಅಮ್ಮನ ರಿಪೋರ್ಟ್ ಕೇಳಿ. ಕಾಕರ್‌ಗೆ ಎರಡು ಡಿಎನ್‌ಎ ಟೆಸ್ಟ್: ಒಂದು ಕಣ್ಣಿನ ಪಿಆರ್‌ಎ, ನಿಧಾನಕ್ಕೆ ಕುರುಡಾಗೋದು, ಇನ್ನೊಂದು ಎಳೇ ವಯಸ್ಸಲ್ಲೇ ಕಿಡ್ನಿ ಹೋಗೋ ಎಫ್‌ಎನ್. ಕ್ಯಾವಲಿಯರ್‌ಗೆ ಅಪ್ಪ ಅಮ್ಮ ಇಬ್ಬರ ಹೃದಯನೂ ತಜ್ಞರು ನೋಡಿರ್ಬೇಕು, ಇಬ್ರಿಗೂ ಕಡಿಮೆ ಅಂದ್ರೆ ಎರಡೂವರೆ ವರ್ಷ ಆಗಿರ್ಬೇಕು, ಅಜ್ಜ ಅಜ್ಜಿ ಐದು ವರ್ಷ ದಾಟಿಯೂ ಮರ್ಮರ್ ಇಲ್ದೇ ಇರ್ಬೇಕು. ಕೇಂದ್ರದ 2017ರ ನಿಯಮದ ಪ್ರಕಾರ ಎಂಟು ವಾರ ಆಗದ ಮರಿ ಮಾರೋ ಹಾಗಿಲ್ಲ, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರ್ಬೇಕು. ತಾಯಿ ನಾಯಿ ತೋರಿಸಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ವೈಟ್‌ಫೀಲ್ಡ್_ಹುಡುಗ

ನಾನು ಕ್ಯಾವಲಿಯರ್ ಸಾಕ್ತಿದೀನಿ, ನಾಲ್ಕು ವರ್ಷದ್ದು, ಬಿಳಿ ಕೆಂಪು ಮಚ್ಚೆ ಇರೋದು, ಬ್ಲೆನಿಮ್ ಅಂತಾರಲ್ಲ ಆ ಬಣ್ಣ. ಮೇಲಿನ ಮೆಸೇಜ್ ಓದಿ ಹೆದರಿಕೆ ಆಯ್ತು ನಿಜ, ಆದ್ರೂ ಇನ್ನೊಂದು ಕಡೆನೂ ಹೇಳ್ಬೇಕು. ನಾನು ವರ್ಷಾ ವರ್ಷಾ ಎಕೋ ಮಾಡಿಸ್ತೀನಿ, ಇಲ್ಲಿತನಕ ಕ್ಲಿಯರ್. ಅಪಾರ್ಟ್‌ಮೆಂಟಲ್ಲಿ ಒಬ್ರೂ ಕಂಪ್ಲೇಂಟ್ ಮಾಡಿಲ್ಲ, ಬೊಗಳೋದೇ ಅಪರೂಪ, ಲಿಫ್ಟಲ್ಲಿ ಮಕ್ಕಳೆಲ್ಲಾ ಮುಟ್ತಾರೆ. ಬೆಳಿಗ್ಗೆ ಅರ್ಧ ಗಂಟೆ ಸಂಜೆ ಅರ್ಧ ಗಂಟೆ ವಾಕಿಂಗ್ ಸಾಕು. ಕಾಯಿಲೆ ಬರಬಹುದು ಅಂತ ಪ್ರೀತಿಸೋದೇ ಬೇಡ ಅಂದ್ರೆ ಹೇಗೆ?

ಆದ್ರೆ ಒಂದು ವಿಷಯ ಮುಚ್ಚಿಡಲ್ಲ. ಒಂಟಿಯಾಗಿ ಬಿಡೋಕಾಗಲ್ಲ. ನಾನು ವರ್ಕ್ ಫ್ರಂ ಹೋಮ್, ಒಂದು ದಿನ ಆಫೀಸಿಗೆ ಹೋಗಿ ಆರು ಗಂಟೆ ಬಿಟ್ಟಿದ್ದಕ್ಕೆ ಬಾಗಿಲ ಹತ್ರ ಕೂತು ಪಾದ ನೆಕ್ಕಿ ನೆಕ್ಕಿ ಗಾಯ ಮಾಡ್ಕೊಂಡಿದ್ದ. ಮತ್ತೆ ಮೂತಿ ಸ್ವಲ್ಪ ಗಿಡ್ಡ, ಸೆಕೆ ತಡೆಯಲ್ಲ. ಏಪ್ರಿಲಲ್ಲಿ ಬೆಳಿಗ್ಗೆ ಏಳು ದಾಟಿದ್ರೆ ಹೊರಗೆ ಕರ್ಕೊಂಡು ಹೋಗಲ್ಲ. ದುಡ್ಡಿನ ವಿಷಯ ಹೇಳಬೇಕಂದ್ರೆ ನಾನು ಕೊಟ್ಟಿದ್ದು ಒಂದು ಲಕ್ಷದ ಮೇಲೆ.

ರೆಡಿಂಗ್_ಕನ್ನಡತಿ

ತಮ್ಮಾ, ಪ್ರೀತಿಸಬೇಡ ಅಂತ ನಾನು ಹೇಳಿಲ್ಲ. ಪುಟ್ಟಿ ಫೋಟೋ ಇವತ್ತಿಗೂ ದೇವರ ಕೋಣೆ ಪಕ್ಕ ಇದೆ. ನೀನು ವರ್ಷಾ ವರ್ಷಾ ಎಕೋ ಮಾಡಿಸ್ತಿರೋದು ದೊಡ್ಡದು, ಬಿಡಬೇಡ. ಆದ್ರೆ ಇವರು ಮೊದಲನೇ ಸಲ ಸಾಕೋರು, ಸಣ್ಣ ಮಕ್ಕಳು ಬೇರೆ, ಎಲ್ಲಾ ತಿಳ್ಕೊಂಡು ಆಯ್ಕೆ ಮಾಡ್ಲಿ ಅಂತ ಅಷ್ಟೇ. ನನಗೆ ಯಾರೂ ಹೇಳಿರ್ಲಿಲ್ಲ.

ಮೈಸೂರು_ಮನೆಯವಳು

ಇಷ್ಟು ಜನ ಇಷ್ಟು ಬರೆದಿದೀರಾ, ಕಣ್ಣಲ್ಲಿ ನೀರು ಬಂತು. ಧಾರವಾಡದ ಅಣ್ಣಾವ್ರೇ, ನೀವು ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅತ್ತೆನ ಕೇಳೇ ಇರ್ಲಿಲ್ಲ. ಹೂಂ ಅಂತಾರೆ ಅಂದ್ಕೊಂಡಿದ್ದೆ. ಕೇಳಿ ಬಂದು ಬರೀತೀನಿ.

ಅಷ್ಟರಲ್ಲಿ ಒಂದು ಪ್ರಶ್ನೆ. ಕಾಕರ್ ಊಟದ ತಟ್ಟೆ ಹತ್ರ ಹೋದ್ರೆ ಗುರ್ ಅನ್ನುತ್ತೆ, ಒಂದೇ ಬಣ್ಣದ ಕಾಕರ್‌ಗಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂದು ಕಚ್ಚುತ್ತೆ ಅಂತೆಲ್ಲಾ ಸ್ಕೂಲಲ್ಲಿ ಒಬ್ರು ಹೇಳಿದ್ರು. ಮಗ ಇನ್ನೂ ಚಿಕ್ಕವನು, ನಿಜಾನಾ?

ಮಂಗಳೂರು_ಕಡಲತೀರ

ಸ್ವಲ್ಪ ನಿಜ ಉಂಟು ಮಾರಾಯ್ರೆ, ಆದ್ರೆ ಹೆದರ್ಬೇಡಿ. ನಮ್ಮಲ್ಲಿ ಕಪ್ಪು ಕಾಕರ್ ಉಂಟು, ಐದು ವರ್ಷ ಆಯ್ತು. ಅವನದ್ದು ತಟ್ಟೆ ವಿಷಯ ಅಲ್ಲ, ಸಾಕ್ಸ್. ಮಕ್ಕಳ ಸಾಕ್ಸ್ ಕದ್ದು ಮಂಚದ ಅಡಿಗೆ ಹೋಗ್ತಾನೆ, ಯಾರಾದ್ರೂ ಕೈ ಹಾಕಿದ್ರೆ ಗುರ್ರ್. ಮೊದಮೊದಲು ನನ್ನ ಗಂಡ ಜೋರು ಮಾಡಿ ಎಳೀತಿದ್ರು, ಅದ್ರಿಂದ ಹೆಚ್ಚಾಯ್ತೇ ಹೊರತು ಕಡಿಮೆ ಆಗ್ಲಿಲ್ಲ. ಮತ್ತೆ ಒಬ್ರು ಟ್ರೇನರ್ ಹೇಳಿಕೊಟ್ರು, ಕಿತ್ಕೊಳ್ಳೋದಲ್ಲ, ಬದ್ಲಿ ಕೊಡೋದು. ಒಂದು ಚೂರು ಬೇಯಿಸಿದ ಕೋಳಿ ತೋರ್ಸಿ ಬಿಡು ಅಂತ ಹೇಳೋದು, ಬಿಟ್ಟ ಕೂಡ್ಲೇ ಕೋಳಿ ಕೊಡೋದು. ಎರಡು ತಿಂಗಳಲ್ಲಿ ಸಾಕ್ಸ್ ತಂದು ನಮ್ಮ ಕಾಲ ಹತ್ರ ಹಾಕ್ಲಿಕ್ಕೆ ಶುರು ಮಾಡಿದ.

ಮಕ್ಕಳಿಗೆ ಮೂರೇ ನಿಯಮ ಇಟ್ಟದ್ದು ನಾವು. ನಾಯಿ ಊಟ ಮಾಡುವಾಗ ಹತ್ರ ಹೋಗ್ಬಾರ್ದು, ಮಲಗಿರುವಾಗ ಮುಟ್ಬಾರ್ದು, ಅದರ ಬಾಯಲ್ಲಿ ಏನಿದ್ರೂ ದೊಡ್ಡವರನ್ನು ಕರೀಬೇಕು. ಐದು ವರ್ಷದ ಮಗುವಿಗೆ ಇದು ಅರ್ಥ ಆಗ್ತದೆ, ಆದ್ರೆ ನೆನಪಿರುದಿಲ್ಲ, ಹಾಗಾಗಿ ಇಬ್ಬರನ್ನೇ ಒಂದು ರೂಮಲ್ಲಿ ಬಿಡ್ಬೇಡಿ.

ಕೂದಲಿನ ಕೆಲಸವೂ ಹೇಳ್ತೇನೆ, ಇಲ್ಲಿ ಬೆವರಿನ ಹವೆ, ಒಂದು ವಾರ ಬಾಚಣಿಗೆ ಹಾಕದಿದ್ರೆ ಕಂಕುಳಲ್ಲಿ, ಕಿವಿ ಹಿಂದೆ ಗಂಟು ಗಂಟು. ಆರೇಳು ವಾರಕ್ಕೊಮ್ಮೆ ಗ್ರೂಮರ್ ಹತ್ರ ಕರ್ಕೊಂಡು ಹೋಗ್ತೇವೆ, ಒಂದು ಸಲಕ್ಕೆ ಸಾವಿರದ ಐನೂರು. ಊಟಕ್ಕೆ ಬಾಯಿ ಕಿರಿದಾದ ಆಳ ಪಾತ್ರೆ ಇಡಿ, ಕಿವಿ ಎರಡೂ ಹೊರಗೆ ಇರ್ತದೆ. ಅಗಲ ತಟ್ಟೆ ಇಟ್ರೆ ಕಿವಿ ತುಂಬಾ ಮೊಸರನ್ನ.

ಪಶುವೈದ್ಯ_ಹಾಸನ

ಮಂಗಳೂರಿನವರು ಸರಿಯಾಗಿ ಹೇಳಿದಾರೆ. ಒಂದೇ ಬಣ್ಣದ ಕಾಕರ್‌ಗಳಲ್ಲಿ, ಮಿಶ್ರ ಬಣ್ಣದವಕ್ಕಿಂತ ಸಿಟ್ಟಿನ ನಡವಳಿಕೆ ಹೆಚ್ಚು ಕಂಡ ಅಧ್ಯಯನ ಇದೆ. ಅದಕ್ಕೆ ಪ್ರತಿ ಹೊಂಬಣ್ಣದ ಕಾಕರ್ ಕಚ್ಚುತ್ತೆ ಅಂತ ಅರ್ಥ ಅಲ್ಲ. ಇದ್ದಕ್ಕಿದ್ದಂತೆ ಕಚ್ಚಿತು ಅಂತ ನನ್ನ ಹತ್ರ ಬಂದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಕಿವಿ ನೋವಿತ್ತು. ಮಗು ಪ್ರೀತಿಯಿಂದ ತಲೆ ಸವರೋಕೆ ಹೋಗಿದೆ, ಕೈ ಹುಣ್ಣಿಗೆ ತಾಗಿದೆ, ಅದು ಕಚ್ಚಿದೆ. ತಾಯಿ ನಾಯಿ ಹೇಗಿದೆ ಅಂತ ನೋಡಿ, ಅಪರಿಚಿತರು ಬಂದಾಗ ಅದು ಏನು ಮಾಡುತ್ತೆ ಅನ್ನೋದು ಬಣ್ಣಕ್ಕಿಂತ ಜಾಸ್ತಿ ಹೇಳುತ್ತೆ.

ಊಟದ ಬಗ್ಗೆ ಒಂದು ಮಾತು, ಕೇಳದೇ ಇದ್ರೂ ಹೇಳ್ತೀನಿ. ಹಬ್ಬದ ದಿನ ಮನೆ ಮಂದಿಯೆಲ್ಲಾ ಪ್ರೀತಿಯಿಂದ ಒಂದೊಂದು ಚಮಚ ಪಾಯಸ ಹಾಕ್ತಾರೆ. ಅದರಲ್ಲಿರೋ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಹುದು. ಈರುಳ್ಳಿ ಹಾಕಿದ ಹುಳಿ, ಚಾಕಲೇಟ್ ಕೂಡ ಬೇಡ.

ಮೈಸೂರು_ಮನೆಯವಳು

ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ತುಂಬಾ ಆಗಿದೆ.

ಅವತ್ತೇ ರಾತ್ರಿ ಪಾತ್ರೆ ತೊಳೀತಾ ಅತ್ತೆನ ಕೇಳ್ದೆ. ಸ್ವಲ್ಪ ಹೊತ್ತು ಏನೂ ಹೇಳ್ಲಿಲ್ಲ, ಆಮೇಲೆ ಕೇಳಿದ್ಯಲ್ಲ ಬಿಡು, ಹೇಳ್ತೀನಿ ಅಂತ ಕೂತ್ಕೊಂಡ್ರು. ಅವರ ತವರು ಕೆ.ಆರ್. ನಗರದ ಹತ್ರ ಹಳ್ಳಿ, ಕಣದಲ್ಲಿ ಯಾವಾಗ್ಲೂ ಒಂದು ನಾಯಿ ಇರ್ತಿತ್ತಂತೆ, ಅವರ ಹಿಂದೆನೇ ಸ್ಕೂಲ್ ತನಕ ಬಂದು ಬಿಡೋ ತನಕ ಕಾದು ಕೂತಿರ್ತಿತ್ತಂತೆ. ಮದುವೆ ಆಗಿ ಹದಿನೇಳು ವರ್ಷದಲ್ಲಿ ನಾನು ಈ ಕಥೆ ಕೇಳೇ ಇಲ್ಲ. ನಾಯಿ ಬೇಕು ಅಂದ್ರು. ಆದ್ರೆ ಮರಿ ಬೇಡ ಅಂದ್ರು. ಮರಿ ಅಂದ್ರೆ ಗಂಟೆಗೊಂದು ಸಲ ಬಗ್ಗಿ ಒರೆಸ್ಬೇಕು, ಕಾಲಿಗೆ ಸಿಕ್ಕಾಕೊಳ್ಳುತ್ತೆ, ಹಲ್ಲು ಬರೋವಾಗ ಸೀರೆ ಎಳೆಯುತ್ತೆ, ನನ್ನ ಮಂಡಿಗೆ ಆಗಲ್ಲ, ಬುದ್ಧಿ ಬಂದಿರೋ ನಾಯಿ ತನ್ನಿ, ಯಾವ ಜಾತಿದಾದ್ರೂ ಸರಿ. ನಮಗೆ ಯಾರಿಗೂ ಇದು ಹೊಳೆದೇ ಇರ್ಲಿಲ್ಲ.

ಆದ್ರೂ ಮಾತು ಕೊಟ್ಟಿದ್ವಿ ಅಂತ ಒಂದು ಕ್ಯಾವಲಿಯರ್ ಮರಿ ನೋಡೋಕೆ ಬೆಂಗಳೂರಿಗೆ ಹೋದ್ವಿ. ಮಾರೋರು ಒಂದು ಪಾರ್ಕಿಂಗ್ ಜಾಗಕ್ಕೆ ಬುಟ್ಟಿಯಲ್ಲಿ ಮರಿ ತಂದ್ರು. ಆರು ವಾರ ಅಂದ್ರು. ತಾಯಿ ಎಲ್ಲಿ ಅಂದ್ರೆ ಊರಲ್ಲಿದೆ, ಹೃದಯದ ರಿಪೋರ್ಟ್ ಅಂದ್ರೆ ಅಂಥದ್ದೆಲ್ಲಾ ಯಾರೂ ಕೇಳಲ್ಲ ಮೇಡಂ, ಇವತ್ತೇ ತಗೊಂಡ್ರೆ ಹತ್ತು ಸಾವಿರ ಕಡಿಮೆ ಮಾಡ್ತೀನಿ ಅಂದ್ರು. ಮಗಳು ಅತ್ತಳು. ಡಾಕ್ಟ್ರು ಬರೆದಿದ್ದು ನೆನಪಿತ್ತು, ಎದ್ದು ಬಂದ್ವಿ. ಆ ಮರಿ ಮುಖ ಇನ್ನೂ ಕಣ್ಮುಂದೆ ಇದೆ.

ಸಾಗರ_ತೋಟದಮನೆ

ಒಳ್ಳೇ ಕೆಲಸ ಮಾಡಿದ್ರಿ. ಅಂಥವರಿಂದ ಒಂದು ಮರಿ ತಗೊಂಡ್ರೆ ಆ ತಾಯಿ ಮೇಲೆ ಇನ್ನೊಂದು ಸೂಲು ಹೇರಿದ ಹಾಗೇ. ಮತ್ತೆ ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಇಷ್ಟು ಜನ ಇಷ್ಟುದ್ದ ಬರೆದಿದ್ರಲ್ಲಿ ಯಾರೂ ಹೇಳದ ಮಾತು ಅವರು ಹೇಳಿದಾರೆ.

ಬೆಳೆದ ನಾಯಿ ಅಂದ್ರೆ ಅದರ ಸ್ವಭಾವ ಕಣ್ಣಿಗೆ ಕಾಣುತ್ತೆ. ಮರಿಯಲ್ಲಿ ಊಹೆ ಮಾಡ್ಬೇಕು. ಮನೆ ಬದಲಾಯಿಸ್ತಿರೋರು, ಹೊರದೇಶಕ್ಕೆ ಹೋಗ್ತಿರೋರು ಎಷ್ಟೋ ಜನ ಒಳ್ಳೇ ಮನೆ ಹುಡುಕ್ತಾ ಇರ್ತಾರೆ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿಡಿ.

ಮೈಸೂರು_ಮನೆಯವಳು

ಸಾಗರದವರೇ, ನಿಮ್ಮ ಮಾತು ಕೇಳಿ ಹೇಳಿಟ್ಟಿದ್ವಿ, ಮೂರನೇ ವಾರಕ್ಕೆ ಫೋನ್ ಬಂತು! ಮೂರೂವರೆ ವರ್ಷದ ಹೆಣ್ಣು ಇಂಗ್ಲಿಷ್ ಕಾಕರ್, ಬಿಳಿ ಮತ್ತೆ ಕಪ್ಪು ಚುಕ್ಕೆ ಬೆರೆತ ಬೂದು ಬಣ್ಣ. ಸಾಕಿದ್ದೋರು ಕೆಲಸದ ಮೇಲೆ ಹೊರದೇಶಕ್ಕೆ ಹೋಗ್ತಿದಾರೆ. ಏನು ಕೇಳ್ಬೇಕು, ಏನು ನೋಡ್ಬೇಕು? ಭಾನುವಾರ ಹೋಗ್ತಿದೀವಿ.

ಮಂಗಳೂರು_ಕಡಲತೀರ

ವ್ಯಾಕ್ಸಿನ್ ಪುಸ್ತಕ ನೋಡಿ, ರೇಬೀಸ್ ವರ್ಷಾ ವರ್ಷಾ ಆಗಿದ್ಯಾ ಅಂತ. ಮರಿ ಆಗದ ಹಾಗೆ ಆಪರೇಷನ್ ಆಗಿದ್ಯಾ ಕೇಳಿ. ಕಿವಿ ಎತ್ತಿ ಮೂಸಿ ನೋಡಿ, ಹುಳಿ ವಾಸನೆ ಬರ್ತದಾ ಅಂತ. ಮಕ್ಕಳು ಇರುವ ಮನೆಯಲ್ಲಿ ಬೆಳೆದದ್ದಾ, ಪಟಾಕಿಗೆ ಏನು ಮಾಡ್ತದೆ, ಒಬ್ಳೇ ಎಷ್ಟು ಹೊತ್ತು ಇರ್ತಾಳೆ. ಮತ್ತೆ ಒಂದು ಮುಖ್ಯ, ಎಲ್ರೂ ಒಟ್ಟಿಗೆ ಮುತ್ತಿಗೆ ಹಾಕ್ಬೇಡಿ, ಕೆಳಗೆ ಕೂತ್ಕೊಳ್ಳಿ, ಅವಳೇ ಬರ್ಲಿ.

ಧಾರವಾಡ_ಹಿರಿಯ

ಅತ್ತಿಯವರನ್ನ ಕರ್ಕೊಂಡ ಹೋಗ್ರಿ. ಅಷ್ಟ.

ಮೈಸೂರು_ಮನೆಯವಳು

ಐದು ವಾರ ಆಯ್ತು ಅವಳು ನಮ್ಮನೆಗೆ ಬಂದು. ಹೆಸರು ಬದಲಾಯಿಸ್ಲಿಲ್ಲ, ಕಾವೇರಿ ಅಂತಾನೇ ಇತ್ತು, ಹಾಗೇ ಕರೀತೀವಿ.

ನೋಡೋಕೆ ಹೋದ ದಿನ ಮಕ್ಕಳನ್ನ ಮೂಸಿದಳು, ನನ್ನ ಬ್ಯಾಗ್ ಮೂಸಿದಳು, ಆಮೇಲೆ ಅತ್ತೆ ಕೂತಿದ್ದ ಕುರ್ಚಿ ಹತ್ರ ಹೋಗಿ ಗದ್ದ ಅವರ ಆಪರೇಷನ್ ಆದ ಮಂಡಿ ಮೇಲಿಟ್ಟು ನಿಂತ್ಕೊಂಡಳು. ಅತ್ತೆ ಕಿವಿ ಕೂದಲಲ್ಲಿ ಸಿಕ್ಕಾಕೊಂಡಿದ್ದ ಒಣಗಿದ ಎಲೆ ತೆಗೀತಾ ಕೂತ್ರು. ಯಜಮಾನ್ರು ನನ್ನ ಮುಖ ನೋಡಿದ್ರು, ಅಷ್ಟೇ.

ಮೊದಲ ವಾರ ಕಷ್ಟ ಆಯ್ತು. ಎರಡು ರಾತ್ರಿ ಬಾಗಿಲ ಹತ್ರ ಕೂತು ಹಳೇ ಮನೆಯವರಿಗೆ ಕಾದಳು, ಊಟ ಮುಟ್ಟಲಿಲ್ಲ, ಮೂರನೇ ದಿನ ಅತ್ತೆ ಕೈಯಿಂದ ಅನ್ನ ಕೋಳಿ ತಿಂದಳು. ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಮುಕ್ಕಾಲು ಗಂಟೆ ನಡೆಸ್ತೀನಿ, ಸಂಜೆ ಮಗಳು ನಾನು ಇಬ್ರೂ. ಬೀದಿ ನಾಯಿಗಳು ಮೊದಲು ಅಟ್ಟಿಸ್ಕೊಂಡು ಬರ್ತಿದ್ವು, ಈಗ ನಾನು ದಾರಿ ಬದಲಾಯಿಸಿದೀನಿ. ಮಧ್ಯಾಹ್ನ ಹೊರಗೆ ಬಿಡೋದು ಅತ್ತೆಗೆ ಬೇಡ ಅಂತ ಕೆಳಗಿನ ಓನರ್ ಮಗ ಕಾಲೇಜಿಂದ ಬಂದು ಹತ್ತು ನಿಮಿಷ ಇಳಿಸ್ಕೊಂಡು ಹೋಗ್ತಾನೆ. ಮಗನಿಗೆ ಮಂಗಳೂರಿನವರ ಮೂರು ನಿಯಮ ಗೋಡೆ ಮೇಲೆ ಚಿತ್ರ ಬರೆದು ಅಂಟಿಸಿದೀವಿ. ಮಧ್ಯಾಹ್ನ ಊಟ ಆದ್ಮೇಲೆ ಅತ್ತೆ ಕುರ್ಚಿಯಲ್ಲಿ, ಅವಳು ಎದುರಿಗೆ ಸ್ಟೂಲ್ ಮೇಲೆ, ಕಿವಿ ಬಾಚೋದು. ಬಗ್ಗೋದೇ ಬೇಡ.

ಈಗ ಒಂದು ಚಿಂತೆ. ನಿನ್ನೆಯಿಂದ ತಲೆ ಕೊಡವ್ತಾ ಇದಾಳೆ, ಬಲಗಿವಿ ಒಳಗೆ ಕೆಂಪಗಿದೆ, ಸ್ವಲ್ಪ ವಾಸನೆ. ಹಳೇ ಮನೆಯವರು ಕೊಟ್ಟ ಕಿವಿ ಡ್ರಾಪ್ಸ್ ಅರ್ಧ ಬಾಟ್ಲಿ ಇದೆ, ಹಾಕ್ಲಾ ಡಾಕ್ಟ್ರೇ?

ಪಶುವೈದ್ಯ_ಹಾಸನ

ಹಾಕ್ಬೇಡಿ. ಹಳೇ ಡ್ರಾಪ್ಸ್ ಯಾವ ಸೋಂಕಿಗೆ ಕೊಟ್ಟಿದ್ದೋ ಗೊತ್ತಿಲ್ಲ. ಒಳಗೆ ಕಿವಿ ಪರದೆ ಹರಿದಿದ್ರೆ ಕೆಲವು ಔಷಧಿ ಕಿವುಡು ಮಾಡಬಹುದು. ಡಾಕ್ಟ್ರು ಒಳಗೆ ಲೈಟ್ ಹಾಕಿ ನೋಡಿ, ಮೇಣ ಸ್ವಲ್ಪ ತೆಗೆದು ಮೈಕ್ರೋಸ್ಕೋಪಲ್ಲಿ ಯೀಸ್ಟಾ ಬ್ಯಾಕ್ಟೀರಿಯಾನಾ ನೋಡ್ತಾರೆ, ಅದರ ಮೇಲೆ ಔಷಧಿ. ಇವತ್ತು ರಾತ್ರಿ ಕಿವಿ ಕ್ಲೀನ್ ಮಾಡ್ಲೂಬೇಡಿ, ಒಳಗಿರೋದು ಹಾಗೇ ಕಾಣ್ಲಿ. ಇಯರ್ ಬಡ್ ಮಾತ್ರ ಯಾವ ಕಾರಣಕ್ಕೂ ಹಾಕ್ಬೇಡಿ. ಮಗನಿಗೆ ಇವತ್ತು ತಲೆ ಸವರಬೇಡ ಅಂತ ಹೇಳಿ, ನೋವಿರುತ್ತೆ.

ವಾಸಿ ಆದ್ಮೇಲೆ ವಾರಕ್ಕೊಂದು ಸಲ: ಕಿವಿ ಮೇಲಕ್ಕೆತ್ತಿ, ಡಾಕ್ಟ್ರು ಬರೆದುಕೊಟ್ಟ ಕಿವಿ ತೊಳೆಯೋ ದ್ರಾವಣ ಬಿಟ್ಟು, ಕಿವಿ ಬುಡ ಹೊರಗಿಂದ ಅರ್ಧ ನಿಮಿಷ ಒತ್ತಿ ಉಜ್ಜಿ, ಪಚಪಚ ಅಂತ ಶಬ್ದ ಬರುತ್ತೆ. ಅವಳು ಕೊಡವಲಿ. ಆಮೇಲೆ ಹತ್ತಿಯಲ್ಲಿ ಕಾಣೋವಷ್ಟು ಮಾತ್ರ ಒರೆಸಿ.

ಮೈಸೂರು_ಮನೆಯವಳು

ಸರಿ ಡಾಕ್ಟ್ರೇ, ಬಾಟ್ಲಿ ಎತ್ತಿಟ್ಟೆ. ನಾಳೆ ಬೆಳಿಗ್ಗೆನೇ ಆಸ್ಪತ್ರೆಗೆ ಹೋಗ್ತೀವಿ, ಆಟೋ ಹೇಳಿದೀನಿ. ಅತ್ತೆನೂ ಬರ್ತಾರಂತೆ, ಒಳಗೆ ಹಿಡ್ಕೊಳ್ಳೋಕೆ ಅವರೇ ಇರ್ಬೇಕಂತೆ.